ಕುಡಿಯದವಳು ಆರಿಸಿಕೊಟ್ಟ ವೈನ್ ಗ್ಲಾಸುಗಳು

ಕೆಲವರು ಮಳೆಗಾಲದಲ್ಲಿ ಪಾಚಿಯ ಮೇಲೆ ಜಾರಿ ಬೀಳುತ್ತಾರೆ. ನಾನು ಹನ್ನೆರಡು ತಿಂಗಳೂ, ಒಣ ನೆಲದಲ್ಲಿ ನಿಂತುಕೊಂಡೇ, ನನ್ನ ನಾಲಿಗೆಯ ಮೇಲೆ ಜಾರಿ ಬೀಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತು ಅನ್ನುವುದು, ಆಮೇಲೆ ಆ ಸುಳ್ಳನ್ನು ಸಾಕುವುದಕ್ಕೆ ಇನ್ನೊಂದು ಸುಳ್ಳು ತರುವುದು. ಎಪ್ಪತ್ತು ದಾಟಿದ ಮೇಲೆ ಈ ಚಟ ನಿಲ್ಲಬಹುದು ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಎಪ್ಪತ್ತು ದಾಟಿದ ಮೇಲೆ ಜನ ನಂಬುವುದು ಹೆಚ್ಚಾಯಿತು, ಅಷ್ಟೆ. ಇಲ್ಲಿ ಬರೆದಿರುವುದೆಲ್ಲ ಒಂದೇ ವರ್ಷದೊಳಗೆ ನಡೆದದ್ದು. ನಗು ಬಂದರೆ ನಗಿ. ನನಗೆ ಮಾತ್ರ ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ.

೧. ಹಳೆಯ ಪದ್ಧತಿ

ನಾನು ಹುಟ್ಟಿದ್ದು ವಿಜಯಪುರದ ಹತ್ತಿರ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಉಡುಪಿ ಕಡೆಗೆ ಬಂದು ನಲವತ್ತೆಂಟು ವರ್ಷವಾಯಿತು. ಮಣಿಪಾಲದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ಬೀಕರು, ಫ್ಲಾಸ್ಕು, ಬ್ಯುರೆಟ್ಟು ಅಂತ ಗಾಜು ತೊಳೆದು, ಗಾಜು ಒರೆಸಿ, ಗಾಜು ಒಡೆದ ಮಕ್ಕಳನ್ನು ಗದರಿಸಿ ನಿವೃತ್ತಳಾದೆ.

ಕಲ್ಯಾಣಪುರದಲ್ಲಿ ನಮ್ಮ ಪಕ್ಕದ ಮನೆಯವರನ್ನು ನಾನು ಬಾಯಮ್ಮ ಎಂದೇ ಕರೆಯುವುದು. ಇಲ್ಲಿ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವ ಕ್ರಮ ಅದು. ಅವರು ನನ್ನನ್ನು ಲ್ಯಾಬಕ್ಕ ಅನ್ನುತ್ತಾರೆ. ಉಡುಪಿಯಲ್ಲಿ ಅವರದೊಂದು ಪಿಂಗಾಣಿ, ಗಾಜಿನ ಸಾಮಾನಿನ ಅಂಗಡಿ ಉಂಟು. ಒಂದು ದಿನ ಬೇಲಿಯ ಆಚೆಯಿಂದಲೇ ಕೇಳಿದರು.

"ಲ್ಯಾಬಕ್ಕ, ಮನೆಯಲ್ಲಿ ಕೂತು ಎಂತ ಮಾಡುವುದು? ಅಂಗಡಿಗೆ ಬನ್ನಿ. ನಿಮಗೆ ಗಾಜು ಗೊತ್ತುಂಟು."

"ಗಾಜು ಗೊತ್ತುಂಟು," ಅಂದೆ. ಇಲ್ಲಿಯವರೆಗೆ ನಿಜವೇ.

"ವೈನ್ ಗ್ಲಾಸು ತರಿಸಿದ್ದೇನೆ, ನಾಲ್ಕು ನಮೂನೆ. ಯಾವ ವೈನಿಗೆ ಯಾವುದು ಅಂತ ನನಗೆ ತಲೆಬುಡ ಗೊತ್ತಿಲ್ಲ ಮಾರಾಯ್ರೆ. ನಮ್ಮಲ್ಲಿ ಅಮ್ಮನ ಕಾಲದಿಂದ ಕ್ರಿಸ್ಮಸ್ಸಿಗೆ ಮನೆಯ ವೈನು, ಅದಕ್ಕೆ ಸ್ಟೀಲ್ ಲೋಟ. ನಿಮ್ಮ ಊರು ದ್ರಾಕ್ಷಿಯ ಊರಲ್ವಾ? ನಿಮಗೆ ಗೊತ್ತಿರಬೇಕು."

ನಮ್ಮೂರಲ್ಲಿ ದ್ರಾಕ್ಷಿ ಉಂಟು, ಹೌದು. ಆದರೆ ನಾವು ಅದನ್ನು ಒಣಗಿಸುವವರು. ನಮ್ಮ ಮನೆಯಲ್ಲಿ ವೈನ್ ಎಂಬ ಶಬ್ದ ಯಾರಾದರೂ ಆಡಿದ್ದರೆ ಅಪ್ಪ ಬಾಯಿ ತೊಳೆದುಕೊಂಡು ಬಾ ಅನ್ನುತ್ತಿದ್ದರು. ಅದನ್ನು ಹೇಳಬೇಕಿತ್ತು.

"ಸ್ವಲ್ಪ ಗೊತ್ತು," ಅಂದೆ.

ಬಾಯಮ್ಮ ಬೇಲಿಗೆ ಇನ್ನಷ್ಟು ಹತ್ತಿರ ಬಂದು ಸ್ವರ ತಗ್ಗಿಸಿದರು. ಜನವರಿಯಲ್ಲಿ ಮಗಳ ಮದುವೆ. ಬೀಗರು ಮೂಲದಲ್ಲಿ ಕಾರ್ಕಳ ಕಡೆಯವರು, ಈಗ ಮುಂಬಯಿ. ಹುಡುಗನ ಅಪ್ಪ ವಿದೇಶಿ ಹಡಗಿನಲ್ಲಿ ಮೂವತ್ತು ವರ್ಷ ದೊಡ್ಡ ದೊಡ್ಡವರಿಗೆ ವೈನ್ ಬಡಿಸಿದವರು.

"ಅಂಥವರ ಎದುರು ನಮ್ಮ ಮನೆಯ ವೈನು ಇಡಬೇಕು. ತಪ್ಪು ಗ್ಲಾಸಿನಲ್ಲಿ ಇಟ್ಟರೆ ನನ್ನ ಮಗಳು ಜೀವಮಾನ ಇಡೀ ಅದನ್ನು ಕೇಳಬೇಕು. ನನ್ನ ಮರ್ಯಾದೆ ಇನ್ನು ನಿಮ್ಮ ಕೈಯಲ್ಲಿ, ಅಕ್ಕ."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ಸೋಮವಾರ ಗ್ಲಾಸಿನ ಕಂಪನಿಯ ಪ್ರತಿನಿಧಿ ಬೆಂಗಳೂರಿನಿಂದ ಬಂದ. ಒಂದು ಪಟ್ಟಿ ಕೊಟ್ಟ. ಕೆಂಪು ವೈನಿಗೆ ಹೊಟ್ಟೆ ದೊಡ್ಡದಾದ ಗ್ಲಾಸು. ಬಿಳಿ ವೈನಿಗೆ ಅದಕ್ಕಿಂತ ಸಣ್ಣ ಹೊಟ್ಟೆಯದ್ದು. ನೊರೆಯೇಳುವ ಷಾಂಪೇನಿಗೆ ಕೊಳವೆಯ ಹಾಗೆ ಉದ್ದನೆಯದ್ದು. ಊಟವಾದ ಮೇಲೆ ಕುಡಿಯುವ ಸಿಹಿ ವೈನಿಗೆ ಎಲ್ಲಕ್ಕಿಂತ ಚಿಕ್ಕದು. ನೂರೆಂಟು ಬಗೆಯ ಫ್ಲಾಸ್ಕು ಕಾದವಳಿಗೆ ಇದೇನು ಮಹಾ, ಐದು ನಿಮಿಷದಲ್ಲಿ ಬಾಯಿಪಾಠ ಮಾಡಿದೆ. ಅವನು ಚೀಲದಿಂದ ಒಂದು ಬಾಟಲಿ ತೆಗೆದು ದೊಡ್ಡ ಗ್ಲಾಸಿಗೆ ಸ್ವಲ್ಪ ಕೆಂಪು ವೈನ್ ಹಾಕಿ ನನ್ನ ಕೈಗೆ ಕೊಟ್ಟ.

"ಮೂಸಿ ನೋಡಿ ಮೇಡಂ."

ಲ್ಯಾಬಿನಲ್ಲಿ ಒಂದು ನಿಯಮ ಉಂಟು. ಯಾವ ಪಾತ್ರೆಗೂ ನೇರವಾಗಿ ಮೂಗು ಇಡಬಾರದು. ಪಾತ್ರೆಯನ್ನು ಒಂದು ಗೇಣು ದೂರ ಹಿಡಿದು, ಅದರ ಬಾಯಿಯ ಮೇಲಿನ ಗಾಳಿಯನ್ನು ಅಂಗೈಯಿಂದ ಮೆಲ್ಲಗೆ ಮೂಗಿನ ಕಡೆಗೆ ಬೀಸಿಕೊಳ್ಳಬೇಕು. ಅಮೋನಿಯಾ ಬಾಟಲಿಗೆ ಮೂಗಿಟ್ಟ ಹುಡುಗರು ಅಲ್ಲೇ ಕುಸಿದು ಕೂತದ್ದನ್ನು ಎಷ್ಟು ಸಲ ನೋಡಿದ್ದೇನೋ. ಮೂವತ್ತು ವರ್ಷದ ಅಭ್ಯಾಸ. ನನಗೆ ಗೊತ್ತಾಗುವ ಮೊದಲೇ ಎಡಗೈ ಗ್ಲಾಸನ್ನು ದೂರ ಹಿಡಿದಿತ್ತು, ಬಲಗೈ ಬೀಸುತ್ತಿತ್ತು.

ಪ್ರತಿನಿಧಿ ಕಣ್ಣರಳಿಸಿದ. "ಮೇಡಂ, ಇದು ಯಾವ ಪದ್ಧತಿ?"

"ಹಳೆಯ ಪದ್ಧತಿ," ಅಂದೆ.

"ಈಗ ಒಂದು ಗುಟುಕು ರುಚಿ ನೋಡಿ."

"ಇವತ್ತು ಸೋಮವಾರ. ಶಿವನ ವಾರ."

ಬಾಯಮ್ಮ ಹೆಮ್ಮೆಯಿಂದ ಅವನ ಮುಖ ನೋಡಿದರು. ಅವನು ಹೊರಡುವಾಗ ಬಾಗಿಲಲ್ಲಿ ನಿಂತು, ಯಾರೂ ನೋಡುತ್ತಿಲ್ಲ ಅಂದುಕೊಂಡು, ತನ್ನ ಬಾಟಲಿಯ ಬಾಯಿಗೆ ನಾಲ್ಕು ಸಲ ಕೈ ಬೀಸಿ ನೋಡಿದ. ಬೆಂಗಳೂರಿನಲ್ಲಿ ಈಗ ಎಷ್ಟು ಜನ ವೈನನ್ನು ಅಮೋನಿಯಾದ ಹಾಗೆ ಮೂಸುತ್ತಿದ್ದಾರೋ, ಆ ಶಿವನಿಗೇ ಗೊತ್ತು.

೨. ಎತ್ತಿ ಕುಡಿಯುವ ಅಜ್ಜ

ಕಾರ್ಕಳದಿಂದ ಒಬ್ಬ ಗೃಹಿಣಿ ಬಂದರು. ಹೊಸ ಮನೆಯ ಒಕ್ಕಲು ಉಂಟಂತೆ. ಬಂದವರಿಗೆ ಪುನರ್ಪುಳಿ ಶರಬತ್ತು ಕೊಡುವುದು, ಆದರೆ ನೋಡಲು ಸ್ವಲ್ಪ ಗತ್ತಾಗಿರಬೇಕು.

"ನಮ್ಮಲ್ಲಿ ವೈನ್ ಎಲ್ಲ ಇಲ್ಲಮ್ಮ. ಗ್ಲಾಸು ಮಾತ್ರ ವೈನಿನದ್ದು."

"ಶರಬತ್ತಿನ ಬಣ್ಣ?"

"ಕೆಂಪು."

ಕೆಂಪು ಅಂದ ಕೂಡಲೇ ಪಟ್ಟಿ ಕಣ್ಣ ಮುಂದೆ ಬಂತು. ಎಲ್ಲಕ್ಕಿಂತ ದೊಡ್ಡ ಹೊಟ್ಟೆಯ ಗ್ಲಾಸು ತೆಗೆದುಕೊಟ್ಟೆ. "ಕೆಂಪು ಪಾನೀಯಕ್ಕೆ ಉಸಿರಾಡಲು ಜಾಗ ಬೇಕು," ಅಂತ ಪಟ್ಟಿಯಲ್ಲಿ ಬರೆದದ್ದನ್ನೂ ಹೇಳಿದೆ. ಪುನರ್ಪುಳಿ ಶರಬತ್ತು ಉಸಿರಾಡಿ ಎಂತ ಮಾಡುವುದಕ್ಕುಂಟು ಅಂತ ನಾನೂ ಯೋಚಿಸಲಿಲ್ಲ, ಅವರೂ ಕೇಳಲಿಲ್ಲ.

ಹತ್ತು ದಿನದಲ್ಲಿ ಅವರು ಒಂದು ಬಿಳಿ ಜುಬ್ಬಾ ಹಿಡಿದುಕೊಂಡು ಬಂದರು. ಕೊರಳಿನಿಂದ ಸೊಂಟದವರೆಗೆ ಕೆಂಪು.

"ಅಮ್ಮ, ನಮ್ಮ ಮಾವನವರದ್ದು. ಅವರು ಎಂಜಲು ಮಾಡಿ ಕುಡಿಯುವವರಲ್ಲ. ಎತ್ತಿ ಕುಡಿಯುವವರು."

ನನಗೆ ಅರ್ಥವಾಯಿತು. ಹಳೆಯ ಕಾಲದ ಹಿರಿಯರು ಲೋಟವನ್ನು ತುಟಿಗೆ ತಾಗಿಸುವುದಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ಲೋಟ ಎತ್ತಿ ಹಿಡಿದು, ಧಾರೆಯಾಗಿ ಬಾಯಿಗೆ ಸುರಿದುಕೊಳ್ಳುತ್ತಾರೆ. ಈ ಗ್ಲಾಸಿನ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಅಜ್ಜ ಬಾಗಿಸಿದರು, ಶರಬತ್ತು ಬರಲಿಲ್ಲ. ಇನ್ನೂ ಬಾಗಿಸಿದರು, ಬರಲಿಲ್ಲ. "ಇದರಲ್ಲಿ ಎಂತವೂ ಇಲ್ಲ," ಅಂತ ಹೇಳಲು ಬಾಯಿ ತೆರೆದರು, ಎಲ್ಲವೂ ಒಟ್ಟಿಗೆ ಬಂತು. ನೂರೈವತ್ತು ಜನರ ಎದುರು.

"ನೀವು ಕೇಳಬೇಕಿತ್ತು, ಯಾರು ಕುಡಿಯುವುದು ಅಂತ," ಅಂದರು ಆ ಗೃಹಿಣಿ. ದನಿ ಏರಿಸಲಿಲ್ಲ. ಏರಿಸಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಅವರನ್ನು ಕೂರಿಸಿ ನಾನು ಅಂಗಡಿಯ ಹಿಂದಿನ ಬಾವಿಕಟ್ಟೆಗೆ ಹೋದೆ. ನಾಲ್ಕೂ ನಮೂನೆಯ ಗ್ಲಾಸಿಗೆ ನೀರು ತುಂಬಿಸಿ, ತಲೆ ಬಾಗಿಸಿ, ಒಂದೊಂದಾಗಿ ಎತ್ತಿ ಕುಡಿದು ನೋಡಿದೆ. ಮೂರರಲ್ಲಿ ಸೀರೆ ಒದ್ದೆಯಾಯಿತು. ನಾಲ್ಕನೆಯದು ಷಾಂಪೇನಿನ ಉದ್ದನೆಯ ಗ್ಲಾಸು. ಅದರಿಂದ ಬ್ಯುರೆಟ್ಟಿನಿಂದ ಬಂದ ಹಾಗೆ ಸಣ್ಣ, ನೇರ ಧಾರೆ. ಒಂದು ಹನಿ ಆಚೆ ಈಚೆ ಇಲ್ಲ. ಒದ್ದೆ ಸೀರೆಯಲ್ಲೇ ಬಂದು ಆರು ಗ್ಲಾಸು ಕಟ್ಟಿ ಕೊಟ್ಟೆ. ಹಳೆಯದನ್ನು ವಾಪಸು ತೆಗೆದುಕೊಂಡೆ.

ಈಗ ಆ ಅಜ್ಜ ಬೇರೆ ಲೋಟ ಮುಟ್ಟುವುದಿಲ್ಲವಂತೆ. ಅಕ್ಕಪಕ್ಕದ ಮನೆಯ ಹಿರಿಯರೂ ಬಂದು ಕೊಂಡುಹೋದರು. ಕಾರ್ಕಳದ ಆ ಬೀದಿಯಲ್ಲಿ ಷಾಂಪೇನ್ ಗ್ಲಾಸಿಗೆ 'ಮಡಿ ಗ್ಲಾಸು' ಅಂತ ಹೆಸರು ಬಿದ್ದಿದೆ.

೩. ಕಂಠದ ಮಟ್ಟ

ಕಾಪುವಿನಿಂದ ಒಬ್ಬರು ಬಂದರು. ಮೂರು ಬೋಟುಗಳ ಯಜಮಾನರು, ತುಳು ಮಾತಾಡುವವರು. ನನಗಾಗಿ ಕನ್ನಡಕ್ಕೆ ಬಂದರು. ಹೆಂಡತಿಯ ಅಣ್ಣ ತಮ್ಮಂದಿರು ಊಟಕ್ಕೆ ಬರುತ್ತಾರೆ, ಗಲ್ಫಿನಲ್ಲಿ ಇದ್ದವರು, ವೈನು ತರುತ್ತಾರೆ.

"ಗ್ಲಾಸು ಯಾವುದು ಅಂತ ನೀವು ಹೇಳಿ. ಎಷ್ಟು ತುಂಬಿಸುವುದು ಅಂತಲೂ ಹೇಳಿ. ಅವರ ಎದುರು ನನಗೆ ನಾಚಿಕೆಯಾಗಬಾರದು."

ಪಟ್ಟಿಯಲ್ಲಿ ಮೂರನೆಯ ಒಂದು ಭಾಗ ಅಂತ ಇತ್ತು. ಓದಿದಾಗಲೇ ನನಗೆ ಸಿಟ್ಟು ಬಂದಿತ್ತು. ನಮ್ಮೂರಲ್ಲಿ ಮನೆಗೆ ಬಂದವರಿಗೆ ಮಜ್ಜಿಗೆ ಕೊಟ್ಟರೆ ಕಂಠದವರೆಗೆ ತುಂಬಿಸಬೇಕು. ಅರ್ಧ ಲೋಟ ಕೊಟ್ಟರೆ ಎದ್ದು ಹೋಗು ಅಂದ ಹಾಗೆ. ಪಟ್ಟಿ ಬರೆದವನು ಯಾರೋ ಜಿಪುಣ ಇರಬೇಕು ಅಂದುಕೊಂಡೆ.

"ಕಂಠದವರೆಗೆ ತುಂಬಿಸಿ. ಹೆಂಡತಿಯ ತವರಿನವರಿಗೆ ಅರ್ಧ ಕೊಡುವುದುಂಟೇ?"

"ಅದು ಸರಿ," ಅಂದರು ಅವರು.

ಅಳತೆಯ ಗಾಜಿನ ನಡುವೆ ಮೂವತ್ತು ವರ್ಷ ಕಳೆದವಳು ನಾನು. ಆ ದೊಡ್ಡ ಗ್ಲಾಸನ್ನು ಕಂಠದವರೆಗೆ ತುಂಬಿಸಿದರೆ ಹೆಚ್ಚುಕಡಿಮೆ ಒಂದು ಬಾಟಲಿ ಹಿಡಿಸುತ್ತದೆ ಅಂತ ಕಣ್ಣಳತೆಯಲ್ಲೇ ಹೇಳಬಲ್ಲೆ. ಹೇಳಲಿಲ್ಲ, ಯಾಕೆಂದರೆ ಕುಡಿದರೆ ಎಂತ ಆಗುತ್ತದೆ ಅಂತ ನನಗೆ ಗೊತ್ತಿದ್ದರೆ ತಾನೆ!

ವಾರ ಕಳೆದು ಬಂದದ್ದು ಅವರ ಹೆಂಡತಿ. ಕೌಂಟರಿನ ಮೇಲೆ ಕೈಯೂರಿ ನನ್ನನ್ನು ಚೆನ್ನಾಗಿ ನೋಡಿದರು.

"ಕಂಠದವರೆಗೆ ಅಂತ ಹೇಳಿದವರು ನೀವಾ?"

"ಹೌದು... ಸಾಕಾಗಲಿಲ್ಲವಾ?"

"ಸಾಕಾಗಲಿಲ್ಲವಾ ಅಂತ ಕೇಳ್ತಾರೆ! ನನ್ನ ದೊಡ್ಡಣ್ಣ ಊಟಕ್ಕೆ ಮೊದಲೇ ಮಲಗಿದರು. ಎರಡನೆಯವರು ನನ್ನ ಗಂಡನನ್ನು ತಬ್ಬಿಕೊಂಡು ಮದುವೆಯಲ್ಲಿ ಆದ ಜಗಳ ಪೂರ್ತಿ ಮತ್ತೆ ಆಡಿದರು, ಇಬ್ಬರ ಪಾತ್ರವನ್ನೂ ಅವರೇ ಹೇಳಿದರು. ಸಣ್ಣವನು ಕಡಲ ದಂಡೆಯ ದೀಪಸ್ತಂಭಕ್ಕೆ ಕೈಮುಗಿದು ಕೂತವನು ಏಳಲಿಲ್ಲ. ಎಂಟು ಕಿಲೋ ಅಂಜಲ್ ಮೀನು ಹುರಿದಿಟ್ಟಿದ್ದೆ. ತಿಂದದ್ದು ಬೆಕ್ಕು."

ನಾನು ಕ್ಷಮೆ ಕೇಳಿದೆ. ಅವರು ನಿಟ್ಟುಸಿರು ಬಿಟ್ಟರು.

"ಕ್ಷಮೆ ಇರಲಿ. ಇನ್ನೂ ಆರು ಗ್ಲಾಸು ಕೊಡಿ. ಇಷ್ಟು ಮರ್ಯಾದೆ ಯಾವ ಭಾವನೂ ಮಾಡಲಿಲ್ಲ ಅಂತ ಹೇಳಿಕೊಂಡು ಮುಂದಿನ ಭಾನುವಾರ ಎಲ್ಲರೂ ಪುನಃ ಬರ್ತಾರೆ!"

೪. ವಾರದ ದೇವರುಗಳು

ಇಷ್ಟಾದರೂ ಬಾಯಮ್ಮನ ನಂಬಿಕೆ ಕಡಿಮೆಯಾಗಲಿಲ್ಲ. ಖಾಲಿ ಗ್ಲಾಸಿಗೆ ಕೈ ಬೀಸಿ ಗಿರಾಕಿಗಳಿಗೆ 'ಹಳೆಯ ಪದ್ಧತಿ' ತೋರಿಸುವುದು ನನ್ನ ನಿತ್ಯದ ಕೆಲಸವಾಯಿತು. ಅದನ್ನು ಅವರು ಫೋನಿನಲ್ಲಿ ವಿಡಿಯೋ ತೆಗೆದು ಕುಟುಂಬದ ಗ್ರೂಪಿಗೆ ಕಳಿಸಿದರು. "ಮದುವೆಯಲ್ಲಿ ನಮ್ಮವರು ಯಾರೂ ಹಳ್ಳಿಯವರ ಹಾಗೆ ಮೂಗು ಹಾಕಬಾರದು," ಅಂದರು. ವಿಡಿಯೋದಲ್ಲಿ ನಾನು ಮುಗುಳುನಗುತ್ತಿದ್ದೆ. ಆ ಮುಗುಳುನಗೆಯೇ ಈಗ ಹೆಚ್ಚು ಚುಚ್ಚುವುದು.

ಮನೆಯ ವೈನನ್ನು ರುಚಿ ನೋಡಿ ಗ್ಲಾಸು ಆರಿಸಿಕೊಡಿ ಅಂತ ಅವರು ಅಕ್ಟೋಬರಿನಿಂದ ಕರೆಯುತ್ತಿದ್ದರು. ಸೋಮವಾರ ಶಿವ. ಮಂಗಳವಾರ ಎಲ್ಲಮ್ಮ. ಗುರುವಾರ ಗುರುಗಳು. ಶುಕ್ರವಾರ ಲಕ್ಷ್ಮಿ. ಶನಿವಾರ ಹನುಮಂತ. ಭಾನುವಾರ ಅವರಿಗೇ ಇಗರ್ಜಿ, ಆಮೇಲೆ ನೆಂಟರು. ಬುಧವಾರಕ್ಕೆ ಯಾವ ದೇವರೂ ಸಿಗಲಿಲ್ಲ. ಹಾಗಾಗಿ ಬುಧವಾರ ನನಗೆ ಮಂಡಿನೋವು.

"ಅಕ್ಕ," ಅಂದರು ಬಾಯಮ್ಮ ಒಮ್ಮೆ, "ನಮಗೆ ಒಬ್ಬನೇ ದೇವರು. ಅವನೇ ವೈನು ಮಾಡಿದವನು. ನಿಮಗೆ ಇಷ್ಟು ಜನ ಇದ್ದೂ ಒಬ್ಬರೂ ಬಿಡುವುದಿಲ್ಲವಾ?"

೫. ಸಾಕ್ಷಿ

ನವೆಂಬರಿನಲ್ಲಿ ಮಣಿಪಾಲದಿಂದ ಒಬ್ಬ ಪ್ರೊಫೆಸರ್ ಹೆಂಡತಿಯೊಂದಿಗೆ ಬಂದರು. ತಲೆ ಬೆಳ್ಳಗಾಗಿತ್ತು, ನನಗೆ ಗುರುತು ಸಿಗಲಿಲ್ಲ. ಎಂದಿನ ಹಾಗೆ ಗ್ಲಾಸು ದೂರ ಹಿಡಿದೆ, ಕೈ ಬೀಸಿದೆ, "ಇದು ಹಳೆಯ ಪದ್ಧತಿ," ಅಂದೆ. ಪ್ರೊಫೆಸರರ ಮುಖದಲ್ಲಿ ಏನೋ ಒಂದು ಓಡಾಡಿತು. ಆ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಬಿಳಿ ಕೋಟು, ಕೈಯಲ್ಲಿ ಎರಡು ತುಂಡಾದ ಬ್ಯುರೆಟ್ಟು, ಕಣ್ಣಲ್ಲಿ ನೀರು.

ಯವ್ವಾ! ನಮ್ಮ ಲ್ಯಾಬಿನ ಹುಡುಗ!

"ಎಂತ ಪದ್ಧತಿ ಇದು?" ಅಂತ ಹೆಂಡತಿ ಅವರನ್ನು ಕೇಳಿದರು. "ನೀವು ಫ್ರಾನ್ಸಿಗೆ ಹೋದಾಗ ನೋಡಿದ್ದೀರಾ?"

ಬಾಯಮ್ಮ ಪಕ್ಕದಲ್ಲೇ ಇದ್ದರು. ನಾನು ಗ್ಲಾಸಿನ ಕಾಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದು ಮುರಿಯಲಿಲ್ಲ ಎಂಬುದೇ ಆ ಕಂಪನಿಗೆ ದೊಡ್ಡ ಪ್ರಶಂಸೆ.

ಪ್ರೊಫೆಸರ್ ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡರು. ಗೇಣು ದೂರ ಹಿಡಿದು, ನಾನು ಕಲಿಸಿದ ಹಾಗೆಯೇ, ಮೂರು ಸಲ ಬೀಸಿಕೊಂಡರು.

"ಹೌದು," ಅಂದರು. "ತುಂಬ ಹಳೆಯ ಪದ್ಧತಿ."

ಹೆಂಡತಿ, ಬಾಯಮ್ಮ ಇಬ್ಬರೂ ಪೊಟ್ಟಣ ಕಟ್ಟಿಸುವ ಕಡೆಗೆ ಹೋದ ಮೇಲೆ ಪ್ರೊಫೆಸರ್ ನನ್ನ ಕಿವಿಯ ಹತ್ತಿರ ಬಗ್ಗಿದರು. "ಅಕ್ಕ, ಅವತ್ತು ಬ್ಯುರೆಟ್ ಒಡೆದದ್ದು ಯಾರು ಅಂತ ಪ್ರಿನ್ಸಿಪಾಲರು ಕೇಳಿದಾಗ ನೀವು 'ನಾನು ನೋಡಲಿಲ್ಲ' ಅಂದಿರಿ. ಇವತ್ತು ನಾನೂ ಎಂತವೂ ನೋಡಲಿಲ್ಲ. ಆದರೆ ಒಂದು ಮಾತು. ಮಕ್ಕಳಿಗೆ 'ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ, ಗಾಜಾದರೂ ಉಳಿಯುತ್ತದೆ' ಅಂತ ಹೇಳುತ್ತಿದ್ದವರು ಯಾರು?"

೬. ಬುಧವಾರ

ಕ್ರಿಸ್ಮಸ್ ಕಳೆಯಿತು. ಬಾಯಮ್ಮನ ತಾಳ್ಮೆಯೂ ಕಳೆಯಿತು. ಒಂದು ಸಂಜೆ ಭರಣಿಯ ಬಾಯಿ ಬಿಚ್ಚಿ ಒಂದು ಲೋಟ ವೈನನ್ನು ನನ್ನ ಅಡುಗೆಮನೆಗೇ ತಂದಿಟ್ಟರು.

"ರುಚಿ ನೋಡುವುದು ಬೇಡ, ನೋಡಿಯಾದರೂ ಹೇಳಿ."

ಲೋಟವನ್ನು ಬೆಳಕಿಗೆ ಹಿಡಿದೆ. ಕೆಂಪು. ಕೆಂಪು ಅಂದರೆ ದೊಡ್ಡ ಗ್ಲಾಸು. "ದೊ‌ಡ್ಡದ್ದೇ ಇರಲಿ," ಅಂದೆ. ಸಾಲದ್ದಕ್ಕೆ, "ನಿಮ್ಮ ವೈನಿನ ಗತ್ತಿಗೆ ಅದೇ ಸರಿ," ಅಂತಲೂ ಸೇರಿಸಿದೆ. ಬಾಯಮ್ಮ ನನ್ನ ಕೈ ಹಿಡಿದುಕೊಂಡರು.

ಮದುವೆ ಬಂತು. ಕಲ್ಯಾಣಪುರದಲ್ಲೇ ಇಗರ್ಜಿ, ಪಕ್ಕದಲ್ಲಿ ಹಾಲ್. ಮುಂದಿನ ಎರಡು ಸಾಲಿನ ದೊಡ್ಡವರಿಗೆ ನಾನು ಆರಿಸಿದ ದೊಡ್ಡ ಗ್ಲಾಸು, ಹಿಂದಿನವರಿಗೆ ಎಂದಿನ ಪುಟ್ಟ ಪ್ಲಾಸ್ಟಿಕ್ ಕಪ್ಪು. ಮುಂದಿನ ಸಾಲಿನ ಆ ದೊಡ್ಡ ಹೊಟ್ಟೆಯ ತಳದಲ್ಲಿ ಎರಡು ಬೆರಳು ವೈನು, ಕೆರೆ ಬತ್ತಿ ಉಳಿದ ನೀರಿನ ಹಾಗೆ ಕಾಣುತ್ತಿತ್ತು. ಹುಡುಗಿಯ ಸೋದರಮಾವ ಎದ್ದು ನಿಂತು ವಧೂವರರ ಬಗ್ಗೆ ಚಂದದ ಎರಡು ಮಾತು ಹೇಳಿ ಗ್ಲಾಸು ಎತ್ತಿದರು.

ಆಗ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಬಾಯಮ್ಮನ ಕಡೆಯ ಇಡೀ ಬಳಗ, ಮುಂದಿನ ಸಾಲಿನಿಂದ ಕೊನೆಯ ಸಾಲಿನವರೆಗೆ, ಎಡಗೈಯಲ್ಲಿ ಗ್ಲಾಸು ದೂರ ಹಿಡಿದು ಬಲಗೈ ಬೀಸತೊಡಗಿತು. ಇನ್ನೂರು ಕೈ. ಬಳೆಗಳ ಸದ್ದಿಗೆ ಬ್ಯಾಂಡಿನವರು ತಮ್ಮ ಸರದಿ ಬಂತೆಂದು ಕೊಂಬು ಎತ್ತಿಕೊಂಡರು. ಚಿಕ್ಕ ಮಕ್ಕಳು ದ್ರಾಕ್ಷಿ ರಸಕ್ಕೆ ಬೀಸಿದರು. ಪಾದ್ರಿಗಳು ಆಚೆ ಈಚೆ ನೋಡಿ, ತಮಗೊಬ್ಬರಿಗೇ ಗೊತ್ತಿಲ್ಲ ಅನ್ನಿಸಬಾರದೆಂದು, ಎರಡು ಸಲ ಬೀಸಿದರು. ಹುಡುಗನ ಕಡೆಯವರು ಗ್ಲಾಸು ಹಿಡಿದುಕೊಂಡು ಬೆಪ್ಪಾಗಿ ಕೂತಿದ್ದರು.

ಮೂವತ್ತು ವರ್ಷ ನಾನು ಕಲಿಸಿದ ಯಾವ ಬ್ಯಾಚೂ ಇಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ.

ಹುಡುಗನ ಅಪ್ಪ ಎದ್ದು ಯಾರನ್ನೋ ಕೇಳಿದರು. ಆ ಯಾರೋ ನನ್ನ ಕಡೆ ಬೆರಳು ತೋರಿಸಿದರು. ಅವರು ಗ್ಲಾಸಿನೊಂದಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಹಿಂದೆಯೇ ಬಾಯಮ್ಮ ಬಂದು ನಿಂತರು, ಮುಖ ದೀಪದ ಹಾಗೆ ಬೆಳಗುತ್ತಿತ್ತು.

"ನಮಸ್ಕಾರ ಅಮ್ಮ. ಈ ಕೈ ಬೀಸುವುದು ನಿಮ್ಮಿಂದ ಬಂದದ್ದಂತೆ. ಮೂವತ್ತು ವರ್ಷದಲ್ಲಿ ಯಾವ ದೇಶದವರೂ ಹೀಗೆ ಮಾಡಿದ್ದು ನಾನು ನೋಡಲಿಲ್ಲ. ಎಲ್ಲಿಯ ಪದ್ಧತಿ?"

"ಹಳೆಯ..." ಅಂತ ಶುರು ಮಾಡಿದೆ. ನಾಲಿಗೆ ಮುಂದೆ ಹೋಗಲಿಲ್ಲ. ಬಾಯಮ್ಮನ ಮುಖ ನೋಡಿದೆ. ಇವತ್ತು ಸುಳ್ಳು ಹೇಳಿದರೆ ನಾಳೆ ಇವರು ಹೋದಲ್ಲೆಲ್ಲ ಅದನ್ನೇ ಹೇಳುತ್ತಾರೆ. ನಗುವವರು ನಗುವುದು ನನ್ನನ್ನು ನೋಡಿ ಅಲ್ಲ, ಬಾಯಮ್ಮನ ಮಗಳನ್ನು ನೋಡಿ. ಅಲ್ಲದೆ ಅವತ್ತು ಬುಧವಾರ. ಅಡ್ಡ ಬರುವುದಕ್ಕೆ ಯಾವ ದೇವರೂ ಇರಲಿಲ್ಲ.

"ಲ್ಯಾಬಿನದ್ದು," ಅಂದೆ. "ಅಮೋನಿಯಾ ಮೂಸುವ ಕ್ರಮ. ನಾನು ವೈನ್ ಕುಡಿದವಳೇ ಅಲ್ಲ. ಈ ಗ್ಲಾಸು ಆರಿಸಿದ್ದೂ ಬಣ್ಣ ನೋಡಿ. ತಪ್ಪೆಲ್ಲ ನನ್ನದು, ಅವರದ್ದಲ್ಲ."

ಅವರು ನಗಲಿಲ್ಲ. ತಮ್ಮ ಗ್ಲಾಸಿನಿಂದ ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದರು.

"ವೈನ್ ಬಹಳ ಒಳ್ಳೆಯದುಂಟು. ಆದರೆ ಅಮ್ಮ, ಇದು ಸಿಹಿ ವೈನು. ಸಣ್ಣ ಗುಟುಕಿನದ್ದು. ಇದಕ್ಕೆ ಈ ಬಕೆಟ್ ಎಂತಕ್ಕೆ?"

ಸಿಹಿ ವೈನಿಗೆ ಚಿಕ್ಕದು. ಪಟ್ಟಿಯ ಕೊನೆಯ ಸಾಲು. ಬಾಯಿಪಾಠ ಬರುತ್ತಿತ್ತು. ಅದು ಸಿಹಿ ಅಂತ ಮಾತ್ರ ಗೊತ್ತಿರಲಿಲ್ಲ.

ಅವರು ಎದ್ದು ಹಿಂದಿನ ಸಾಲಿಗೆ ಹೋಗಿ ಒಂದು ಪ್ಲಾಸ್ಟಿಕ್ ಕಪ್ಪು ತಂದರು. "ಈ ಹಾಲ್‌ನಲ್ಲಿ ಈ ವೈನಿಗೆ ಸರಿಯಾದ ಗ್ಲಾಸು ಇದೊಂದೇ. ಕುಡಿಯಿರಿ. ಇನ್ನು ಯಾರಾದರೂ ಕೇಳಿದರೆ ಸುಳ್ಳು ಹೇಳಬೇಕಾಗಿಲ್ಲ."

ಕುಡಿದೆ. ಕಣ್ಣು ಮುಚ್ಚಿಕೊಂಡೇ ಕುಡಿದೆ. ಯಾವ ರುಚಿಗೆ ನಾಲ್ಕು ತಿಂಗಳು ಹೆದರಿ ಓಡಿದ್ದೆನೋ ಅದು ನನಗೆ ಗೊತ್ತಿದ್ದ ರುಚಿಯೇ. ಜ್ವರ ಬಂದಾಗ ಅವ್ವ ಒಣದ್ರಾಕ್ಷಿ ನೆನೆಸಿ ಹಿಂಡಿ ಕೊಡುತ್ತಿದ್ದ ನೀರು. ಅದಕ್ಕೆ ಒಂದಿಷ್ಟು ಕಿಡಿ ಬಿದ್ದ ಹಾಗೆ.

"ಹೇಗುಂಟು?"

"ಜ್ವರದ ಔಷಧಿಯ ಹಾಗುಂಟು," ಅಂದೆ.

ಈಗ ಅವರು ನಕ್ಕರು. ಬ್ಯಾಂಡಿನವರು ತಿರುಗಿ ನೋಡುವಷ್ಟು ನಕ್ಕರು. ಬಾಯಮ್ಮ ನಗಲಿಲ್ಲ. ಮುಖದ ದೀಪ ಆರಿತ್ತು. ಊಟದ ಕಡೆ ನೋಡಬೇಕು ಅಂತ ಯಾರಿಗೋ ಹೇಳಿದ ಹಾಗೆ ಹೇಳಿ ಹೊರಟುಹೋದರು.

೭. ನೊಣ

ಐದು ದಿನ ಬೇಲಿಯಾಚೆಯಿಂದ ಮಾತಿಲ್ಲ. ನಾನು ಅಂಗಡಿಗೆ ಹೋಗಲಿಲ್ಲ, ಯಾರೂ ಕರೆಯಲಿಲ್ಲ. ಪ್ರತಿದಿನ ತಿಂಡಿಗೆ ಮುಂಚೆ ಅವರ ಅಡುಗೆಮನೆಯ ಕಿಟಕಿ ತೆರೆಯುತ್ತಿತ್ತು, ನಾನು ಕಾಣಿಸಿದರೆ ಮುಚ್ಚುತ್ತಿತ್ತು. ಗೇಟಿನವರೆಗೆ ಹೋಗಿ ಎರಡು ಸಲ ವಾಪಸು ಬಂದೆ. ಏನೆಂದು ಹೇಳುವುದು? ಸೋಮವಾರ ಮಾತ್ರ ಉಪವಾಸ ಮಾಡಿದೆ, ಈ ಸಲ ನಿಜವಾಗಿ.

ಆರನೆಯ ದಿನ, ಮಂಗಳವಾರ, ಬಾಯಮ್ಮ ಗೇಟು ತಳ್ಳಿಕೊಂಡು ಬಂದರು. ಕೈಯಲ್ಲಿ ಫೋನು, ಅದರಲ್ಲಿ ಯಾರೋ ಜೋರಾಗಿ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಹುಡುಗನ ಅಜ್ಜಿಯಂತೆ, ಮುಂಬಯಿಯಿಂದ. ಕಾಲುನೋವಿಗೆ ಮದುವೆಗೆ ಬರಲಾಗದೆ ಈಗ ಮದುವೆಯ ವಿಡಿಯೋ ನೋಡಿ ಮುಗಿಸಿದ್ದರು. ಇಷ್ಟು ವರ್ಷ ಬೇಲಿಯ ಪಕ್ಕದಲ್ಲಿದ್ದು ನನಗೂ ಕೊಂಕಣಿ ಅರ್ಥವಾಗುತ್ತದೆ. ಬಾಯಮ್ಮ ಫೋನನ್ನು ನಮ್ಮಿಬ್ಬರ ನಡುವೆ ಜಗಲಿಯ ಮೇಲಿಟ್ಟರು.

"ಹುಡುಗಿ ಬಹಳ ಚಂದ," ಅನ್ನುತ್ತಿದ್ದರು ಅಜ್ಜಿ. "ಸೀರೆ ಚಂದ, ಹೂವು ಚಂದ. ಮಗ ಹೇಳಿದ, ವೈನು ಹಡಗಿನಲ್ಲಿಯೂ ಅಂಥದ್ದು ಸಿಗಲಿಲ್ಲ ಅಂತ. ಆದರೆ ಒಂದು ಹೇಳುತ್ತೇನೆ, ಬೇಸರ ಮಾಡಬೇಡಿ. ಆ ಹಾಲ್‌ನಲ್ಲಿ ನೊಣ ಎಷ್ಟು! ಪಾಪ, ಎಲ್ಲರೂ ಗ್ಲಾಸಿನ ಮೇಲಿಂದ ಓಡಿಸಿ ಓಡಿಸಿ ಸುಸ್ತಾದರು. ಪಾದ್ರಿಗಳನ್ನೂ ಬಿಡಲಿಲ್ಲವಲ್ಲ!"

ಬಾಯಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಬೀಗಿತ್ತಿ ಅಂತ ತಲೆಯೆತ್ತಿ ನಿಲ್ಲಬೇಕೆಂದು ಒಂದು ವರ್ಷದಿಂದ ಪರದಾಡಿದ ಹೆಂಗಸು. ಒಂದೇ ಮಾತು ಹೇಳಿದರೆ ಹಾಲ್ ಶುದ್ಧ, ಅವರು ಶುದ್ಧ, ಮುಂಬಯಿಯವರೆಗೆ ನಗೆಪಾಟಲಾಗುವುದು ಬರೀ ಪಕ್ಕದ ಮನೆಯ ಮುದುಕಿ.

"ಎಂತ ಹೇಳುವುದು ಮಾರಾಯ್ರೆ," ಅಂದರು ಬಾಯಮ್ಮ ಫೋನಿಗೆ. "ಮಲ್ಪೆಯಿಂದ ಮೀನಿನ ಲಾರಿ ಹೋದ ದಿವಸ. ವಿಪರೀತ ನೊಣ."

ಫೋನ್ ಇಟ್ಟು ಬಾಯಮ್ಮ ನನ್ನ ಕಡೆ ತಿರುಗಿದರು.

"ಮತ್ತೆ? ನಮ್ಮ ಇಡೀ ಬಳಗ ಸೇರಿ ಅಮೋನಿಯಾ ಮೂಸಿತು ಅಂತ ಹೇಳಲಾ? ಅದಕ್ಕಿಂತ ನೊಣವೇ ವಾಸಿ. ನಾಳೆ ಅಂಗಡಿಗೆ ಬನ್ನಿ."

"ನಾಳೆ ಬುಧವಾರ, ನನ್ನ ಮಂಡಿ..."

"ಅಕ್ಕ!"

"ಬರ್ತೇನೆ," ಅಂದೆ.

ಆದ್ದರಿಂದ ಇಷ್ಟೆಲ್ಲ ಬರೆಯಬೇಕಾಯಿತು. ಮುಂಬಯಿಯ ಅಜ್ಜಿ ಕನ್ನಡ ಓದುತ್ತಾರೋ ಇಲ್ಲವೋ ಗೊತ್ತಿಲ್ಲ, ಓದುವವರು ಯಾರಾದರೂ ಅವರಿಗೆ ತಿಳಿಸಿ. ಆ ಹಾಲ್‌ನ ನೆಲವನ್ನು ಮದುವೆಯ ದಿನ ಎರಡು ಸಲ ಫಿನಾಯಿಲ್ ಹಾಕಿ ಒರೆಸಿದ್ದರು, ನಾನೇ ನಿಂತು ನೋಡಿದ್ದೇನೆ. ಅಲ್ಲಿ ಒಂದೇ ಒಂದು ನೊಣ ಇರಲಿಲ್ಲ. ವೈನಿನಲ್ಲಿ ಬಿದ್ದದ್ದು ನಾನು.